ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಪಿಕಪ್: 20 ಇಂಚಿನ ಚಕ್ರದ ಸಲಹೆ ಸರಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ವಾಹನ ಪುಟದ ಪ್ರಶ್ನೋತ್ತರ ಅಂಕಣದಲ್ಲಿ ಬೆಂಗಳೂರಿನ ಓದುಗರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದ್ದರು. ಅವರ ಬಳಿ 18 ಇಂಚಿನ ಚಕ್ರದ ಟೊಯೊಟಾ ಹೈಲಕ್ಸ್ ಪಿಕಪ್ ಇದೆ; ದಿನನಿತ್ಯ ಊರೊಳಗೆ ಓಡಿಸುತ್ತಾರೆ, ಆಗೊಮ್ಮೆ ಈಗೊಮ್ಮೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ಗೆ ಕೊಂಡೊಯ್ದು ಹವ್ಯಾಸಕ್ಕೆಂದು ಸುತ್ತು ಹೊಡೆಯುತ್ತಾರೆ. ಎರಡಕ್ಕೂ ಹೊಂದುವ ಚಕ್ರ 17 ಇಂಚಿನದೋ, 18ರದೋ, 20ರದೋ ಎಂಬುದು ಅವರ ಸಂದೇಹ. ‘20ಕ್ಕೆ ಹೋಗಿ, ನೋಟಕ್ಕೂ ಚೆಂದ, ಹಿಡಿತಕ್ಕೂ ಒಳ್ಳೆಯದು’ ಎಂಬರ್ಥದ ಉತ್ತರವನ್ನು ಅಂಕಣಕಾರರು ಎರಡು ಸಾಲಿನಲ್ಲಿ ಕೊಟ್ಟು ಮುಗಿಸಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಕಲಿಸಿದವನಾಗಿ ಈ ಉತ್ತರವನ್ನು ಹಾಗೆಯೇ ಬಿಡಲು ನನಗೆ ಮನಸ್ಸಾಗಲಿಲ್ಲ. ನೋಟದ ಮಾತು ಅವರವರ ಇಷ್ಟಕ್ಕೆ ಬಿಟ್ಟದ್ದು; ಹಿಡಿತದ ಮಾತು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಮೊದಲಿಗೆ, ‘ದೊಡ್ಡ ಚಕ್ರ’ ಎಂದಾಗ ಯಾವುದು ದೊಡ್ಡದಾಗುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಈ ಪಿಕಪ್‌ನ ಮೇಲ್ದರ್ಜೆಯ ಆವೃತ್ತಿಗೆ ಬರುವ ಟೈರಿನ ಅಳತೆ 265/60 ಆರ್ 18. ಅಂದರೆ ಟೈರಿನ ಅಗಲ 265 ಮಿ.ಮೀ., ಅದರ ಪಕ್ಕದ ಗೋಡೆಯ ಎತ್ತರ ಅಗಲದ ಶೇ 60ರಷ್ಟು, ಅಂದರೆ 159 ಮಿ.ಮೀ., ಒಳಗಿನ ರಿಮ್ಮಿನ ವ್ಯಾಸ 18 ಇಂಚು. ರಿಮ್ಮಿನ 457 ಮಿ.ಮೀ.ಗೆ ಮೇಲಿನ ಮತ್ತು ಕೆಳಗಿನ ಗೋಡೆಗಳನ್ನು ಸೇರಿಸಿದರೆ ಒಟ್ಟು ಹೊರವ್ಯಾಸ ಸುಮಾರು 775 ಮಿ.ಮೀ. ಆಗುತ್ತದೆ. ಇದೇ ಲೆಕ್ಕವನ್ನು 265/65 ಆರ್ 17ಕ್ಕೆ ಹಾಕಿದರೆ 776, 265/70 ಆರ್ 16ಕ್ಕೆ ಹಾಕಿದರೆ 777, ಅಂಕಣಕಾರರು ಹೇಳುವ 20 ಇಂಚಿಗೆ ಹೊಂದುವ 265/50 ಆರ್ 20ಕ್ಕೆ ಹಾಕಿದರೆ 773 ಬರುತ್ತದೆ. ನಾಲ್ಕು ಬೇರೆ ಬೇರೆ ರಿಮ್ಮುಗಳಾದರೂ ನೆಲದ ಮೇಲೆ ಉರುಳುವ ಗಾಲಿ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅದರೊಳಗೆ ರಬ್ಬರು ಮತ್ತು ಗಾಳಿಗೆ ಎಷ್ಟು ಪಾಲು, ಲೋಹಕ್ಕೆ ಎಷ್ಟು ಪಾಲು ಎಂಬುದು. 16ರಲ್ಲಿ 185 ಮಿ.ಮೀ.ಗೂ ಮಿಕ್ಕಿದ್ದ ಪಕ್ಕದ ಗೋಡೆ 20ಕ್ಕೆ ಬರುವ ಹೊತ್ತಿಗೆ 132ಕ್ಕೆ ಇಳಿಯುತ್ತದೆ.

ಹೀಗೆ ಇಳಿದ ಗೋಡೆಯಿಂದ ಲಾಭವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಎತ್ತರದ ಗೋಡೆ ಮೊದಲು ಬಾಗಿ ಆಮೇಲೆ ವಾಹನವನ್ನು ಎಳೆದುಕೊಳ್ಳುತ್ತದೆ, ಗಿಡ್ಡ ಗೋಡೆ ಬೇಗನೆ ಸ್ಪಂದಿಸುತ್ತದೆ. ದೊಡ್ಡ ರಿಮ್ಮಿನೊಳಗೆ ದೊಡ್ಡ ಬ್ರೇಕ್ ಡಿಸ್ಕ್ ಕೂರಿಸಲು ಜಾಗ ಸಿಗುತ್ತದೆ ಎಂಬುದೂ ನಿಜ. ಆದರೆ ಬ್ರೇಕನ್ನು ಬದಲಾಯಿಸದೆ ರಿಮ್ಮನ್ನು ಮಾತ್ರ ಹಿಗ್ಗಿಸಿದವರಿಗೆ ಆ ಎರಡನೆಯ ಲಾಭದಲ್ಲಿ ದಕ್ಕುವುದು ಅರೆಗಳ (ಸ್ಪೋಕುಗಳ) ನಡುವೆ ಎದ್ದು ಕಾಣುವ ಖಾಲಿ ಜಾಗ ಮಾತ್ರ. ತಯಾರಕರೇ ಇದೇ ಪಿಕಪ್ಪನ್ನು 17 ಇಂಚಿನ ಚಕ್ರದಲ್ಲೂ ಮಾರುತ್ತಾರೆ ಎಂದ ಮೇಲೆ ಅದರ ಬ್ರೇಕಿಗೆ 20ರ ಅಗತ್ಯ ಇಲ್ಲ ಎಂಬುದು ಬೇರೆ ಹೇಳಬೇಕಾಗಿಲ್ಲ. ಮೊದಲನೆಯ ಲಾಭವಾದರೋ ಟೈರಿನ ಜಾತಿಯನ್ನು ಅವಲಂಬಿಸಿದ್ದು. ಕೆಸರಿಗೂ ರಸ್ತೆಗೂ ಆಗಲೆಂದು ಆಳವಾದ, ಬಿಡಿಬಿಡಿ ರಬ್ಬರಿನ ಗಟ್ಟಿಗಳಿರುವ ಆಲ್-ಟೆರೇನ್ ಟೈರನ್ನು 20 ಇಂಚಿಗೆ ಹಾಕಿ ಬಿಸಿ ಡಾಂಬರಿನ ಟ್ರ್ಯಾಕ್‌ಗೆ ಇಳಿದರೆ ಆ ಗಟ್ಟಿಗಳೇ ಅತ್ತಿತ್ತ ಅಲುಗಾಡಿ, ಕಾದು, ಅಂಚಿನಲ್ಲಿ ಚೂರುಚೂರಾಗಿ ಕಿತ್ತುಬರುತ್ತವೆ. 18 ಇಂಚಿನ ಒಳ್ಳೆಯ ಹೆದ್ದಾರಿ ಟೈರು ಅದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ನಂಬಿಕೆಯಿಂದ ನಿಲ್ಲುತ್ತದೆ. ಇಂಚಿನ ಚರ್ಚೆಯಲ್ಲಿ ಈ ಮುಖ್ಯ ಸಂಗತಿ ಮರೆಯಾಗುತ್ತಿರುವುದು ನನಗೆ ಬೇಸರ ತರುತ್ತದೆ.

ಇನ್ನು ನಷ್ಟದ ಕಡೆ. ಒಂದೇ ಬಗೆಯ ಎರಕದ ಅಲಾಯ್ ಚಕ್ರವನ್ನು 16ರಿಂದ 20ಕ್ಕೆ ಹಿಗ್ಗಿಸಿದರೆ ಒಂದೊಂದಕ್ಕೂ ಕೆಲವು ಕಿಲೋ ತೂಕ ಏರುತ್ತದೆ, ಅದೂ ಹೊರ ಅಂಚಿನಲ್ಲಿ. ಅಂಚಿನ ತೂಕವನ್ನು ತಿರುಗಿಸಲು ಎಂಜಿನ್ನಿಗೂ ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ. ಕಾರುಗಳಿಗಿಂತ ಪಿಕಪ್‌ಗೆ ಇದು ಇನ್ನೂ ಹೆಚ್ಚು ಬಾಧಿಸುತ್ತದೆ. ಏಕೆಂದರೆ ಅದರ ಹಿಂದಿರುವುದು ಹೊರೆ ಹೊರಲೆಂದೇ ಮಾಡಿದ ಲೀಫ್ ಸ್ಪ್ರಿಂಗ್ ಮತ್ತು ಇಡಿಯಾದ ಆಕ್ಸಲ್. ಹಿಂದೆ ಹೊರೆಯಿಲ್ಲದೆ ಓಡಿಸುವಾಗ ಆ ಆಕ್ಸಲ್ ಮೊದಲೇ ಕುಪ್ಪಳಿಸುತ್ತಿರುತ್ತದೆ, ಅದರ ತುದಿಗಳಿಗೆ ಇನ್ನಷ್ಟು ಭಾರ ಕಟ್ಟಿದರೆ ಉಬ್ಬುತಗ್ಗಿನ ತಿರುವಿನಲ್ಲಿ ಟೈರು ನೆಲ ಬಿಟ್ಟು ಹಾರುವುದು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನೆಲವನ್ನು ಮುಟ್ಟದ ಟೈರಿನಿಂದ ಯಾವ ಹಿಡಿತ?

ರಸ್ತೆಯ ವಿಷಯಕ್ಕೆ ಬಂದರೆ ಬೆಂಗಳೂರಿನ ಗುಂಡಿಗಳನ್ನೂ ಅಳತೆಮೀರಿದ ಹಂಪುಗಳನ್ನೂ ನಿಮ್ಮ ಪತ್ರಿಕೆಯೇ ವರ್ಷವಿಡೀ ಚಿತ್ರಸಮೇತ ಪ್ರಕಟಿಸುತ್ತದೆ. ಚೂಪಾದ ಅಂಚಿನ ಗುಂಡಿಗೆ ಗಿಡ್ಡ ಗೋಡೆಯ ಟೈರು ಬಿದ್ದಾಗ ರಬ್ಬರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ತುಂಡಾಗುತ್ತವೆ, ಮರುದಿನ ಪಕ್ಕದಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರನ್ನು ಪಂಚರ್ ಅಂಗಡಿಯವರು ಸರಿಪಡಿಸಲಾರರು, ಎಸೆಯುವುದೊಂದೇ ದಾರಿ. ಅಂಥ ಟೈರಿನಲ್ಲಿ ಟ್ರ್ಯಾಕ್‌ಗೆ ಇಳಿಯುವುದಂತೂ ಜೀವದ ಜೊತೆ ಚೆಲ್ಲಾಟ.

ಭಾರದ ಸಂಗತಿಯನ್ನು ನಿಮ್ಮ ಅಂಕಣ ಮುಟ್ಟಿಯೇ ಇಲ್ಲ. ಟೈರಿನ ಅಳತೆಯ ಪಕ್ಕದಲ್ಲಿ ಒಂದು ಸಂಖ್ಯೆ ಮತ್ತು ಒಂದು ಅಕ್ಷರ ಅಚ್ಚಾಗಿರುತ್ತವೆ. 110 ಎಂದಿದ್ದರೆ ಆ ಟೈರು ಹೊರಬಲ್ಲದ್ದು 1,060 ಕೆ.ಜಿ.; 107 ಎಂದಿದ್ದರೆ 975. ಅಕ್ಷರ ಎಸ್ ಆಗಿದ್ದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ, ಎಚ್ ಆಗಿದ್ದರೆ 210, ವಿ ಆಗಿದ್ದರೆ 240. 265/60 ಆರ್ 18 ಅಳತೆಯಲ್ಲಿ 110 ಸಾಮಾನ್ಯ. 265/50 ಆರ್ 20ರಲ್ಲಿ 107ರವು ಅಂಗಡಿಗಳಲ್ಲಿ ಸಿಗುತ್ತವೆ. ಹೆಚ್ಚು ಭಾರ ಹೊರುವ 111ರವೂ ಇವೆ, ಆದರೆ ಆ ಪೂರ್ತಿ ಭಾರ ಹೊರಲು ಅವುಗಳಿಗೆ ಹೆಚ್ಚು ಗಾಳಿ ತುಂಬಬೇಕು, ಹೆಚ್ಚು ಗಾಳಿ ತುಂಬಿದರೆ ಸವಾರಿ ಮತ್ತಷ್ಟು ಒರಟಾಗುತ್ತದೆ. ಪಿಕಪ್ ಖಾಲಿ ಓಡುವಷ್ಟು ದಿನ ಇದಾವುದೂ ಗಮನಕ್ಕೆ ಬರುವುದಿಲ್ಲ. ತೋಟಕ್ಕೆ ಗೊಬ್ಬರವನ್ನೋ ಮನೆಗೆ ಸಿಮೆಂಟನ್ನೋ ಹೇರಿದ ದಿನ ಹಿಂದಿನ ಎರಡು ಟೈರುಗಳು ಆ ಲೆಕ್ಕವನ್ನು ಕೇಳುತ್ತವೆ. ಕಾರಿಗೆಂದು ಮಾಡಿದ ಅಲಾಯ್ ಚಕ್ರವನ್ನು ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ವ್ಯಾಸ) ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಪಿಕಪ್‌ಗೆ ತೊಡಿಸುವುದು ಇನ್ನೂ ಅಪಾಯ, ಏಕೆಂದರೆ ರಿಮ್ಮಿಗೂ ತನ್ನದೇ ಆದ ಭಾರದ ಮಿತಿ ಇರುತ್ತದೆ. ಆ ಮಿತಿಯನ್ನು ಚಕ್ರದ ಹಿಂಬದಿಯಲ್ಲಿ ಎರಕ ಹೊಯ್ದಿದ್ದಾರೆಯೇ ಎಂದು ನೋಡದೆ ದುಡ್ಡು ಕೊಡಬಾರದು.

ದೊಡ್ಡ ರಿಮ್ಮು ಇಲ್ಲದೆ ಟ್ರ್ಯಾಕ್‌ನಲ್ಲಿ ವೇಗ ಬಾರದು ಎಂಬ ನಂಬಿಕೆಗೆ ಚರಿತ್ರೆಯ ಬೆಂಬಲವೂ ಇಲ್ಲ. ಫಾರ್ಮುಲಾ ಒನ್ ಕಾರುಗಳು 2021ರ ಕೊನೆಯವರೆಗೂ ಓಡಿದ್ದು 13 ಇಂಚಿನ ರಿಮ್ಮಿನಲ್ಲಿ. 2022ರಲ್ಲಷ್ಟೇ ಅವು 18ಕ್ಕೆ ಬಂದವು. ಪಿಕಪ್‌ಗಳದೇ ಉದಾಹರಣೆ ಬೇಕೆಂದರೆ ಅಮೆರಿಕದಲ್ಲಿ 1991ರಲ್ಲಿ ಬಂದ ಜಿಎಂಸಿ ಸೈಕ್ಲೋನ್ ಇದೆ. 4.3 ಲೀಟರಿನ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಚಾಲನೆ, 245/50 ಅಳತೆಯ ಟೈರು, 16 ಇಂಚಿನ ರಿಮ್ಮು. ಅಲ್ಲಿನ ಪತ್ರಿಕೆಯೊಂದು ಅದನ್ನು ಕಾಲು ಮೈಲಿಯ ನೇರ ಓಟದಲ್ಲಿ ಫೆರಾರಿ 348ರ ಎದುರು ನಿಲ್ಲಿಸಿದಾಗ ಪಿಕಪ್ಪೇ ಮುಂದೆ ಹೋಯಿತು. ಆದರೆ ಅದೇ ವಾಹನದಲ್ಲಿ 500 ಪೌಂಡಿಗಿಂತ, ಅಂದರೆ ಸುಮಾರು 227 ಕೆ.ಜಿ.ಗಿಂತ ಹೆಚ್ಚು ಹೊರೆ ಹೇರಬೇಡಿ, ಕಚ್ಚಾ ದಾರಿಗೆ ಇಳಿಸಬೇಡಿ ಎಂದು ತಯಾರಕರೇ ಎಚ್ಚರಿಸಿದ್ದರು. ವೇಗಕ್ಕಾಗಿ ನೆಲಕ್ಕೆ ಇಳಿಸಿದ ಪಿಕಪ್ ತನ್ನ ಕುಲಕಸುಬನ್ನೇ ಬಿಡಬೇಕಾಯಿತು. 22 ಇಂಚಿನ ಚಕ್ರದ ಡಾಡ್ಜ್ ರ‍್ಯಾಮ್ ಎಸ್‌ಆರ್‌ಟಿ-10 ಬಂದದ್ದು 2004ರಲ್ಲಿ. ಅದು 2004ರಲ್ಲಿ ಗಂಟೆಗೆ 248 ಕಿ.ಮೀ. ದಾಟಿ ದಾಖಲೆ ಮಾಡಿತೆಂಬುದು ನಿಜ, ಆದರೆ ಅದರ ಹಿಂದಿದ್ದದ್ದು 8.3 ಲೀಟರಿನ, ಹತ್ತು ಸಿಲಿಂಡರಿನ ವೈಪರ್ ಕಾರಿನ ಎಂಜಿನ್. ಚಕ್ರವನ್ನು ನೋಡಿ ಮರುಳಾದವರು ಎಂಜಿನ್ನನ್ನು ಮರೆಯುತ್ತಾರೆ.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆದ ಏಷ್ಯಾ ಪೆಸಿಫಿಕ್ ರ‍್ಯಾಲಿಯನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾದೀತು. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫ್ಯಾಬಿಯಾ ಆರ್5 ಎಂಬ ರ‍್ಯಾಲಿ ವರ್ಗದ ಕಾರುಗಳು ಮಣ್ಣಿನ ದಾರಿಯಲ್ಲಿ 15 ಇಂಚಿನ ಚಕ್ರ ತೊಡುತ್ತವೆ, ಡಾಂಬರಿನ ರ‍್ಯಾಲಿಗೆ ಹೋದರೆ 18 ಇಂಚಿನದನ್ನು ತೊಡುತ್ತವೆ. ಬದಲಾಗುವುದು ಚಕ್ರವೊಂದೇ ಅಲ್ಲ, ಮಣ್ಣಿನಲ್ಲಿ ಮುಂದಿನ ಬ್ರೇಕ್ ಡಿಸ್ಕ್ 300 ಮಿ.ಮೀ.ನದು, ಡಾಂಬರಿನಲ್ಲಿ 355ರದು. ದುಡ್ಡಿಗೂ ತಿಳಿವಳಿಕೆಗೂ ಕೊರತೆಯಿಲ್ಲದ ತಂಡಗಳೇ ಎರಡು ನೆಲಕ್ಕೂ ಒಂದೇ ಅಳತೆ ಹೊಂದಿಸುವ ಗೋಜಿಗೆ ಹೋಗುವುದಿಲ್ಲ. ಗದ್ದೆಗೂ ಮದುವೆಗೂ ಒಂದೇ ಜೊತೆ ಮೆಟ್ಟು ಸಾಕು ಎನ್ನುವವರ ಸಲಹೆಯನ್ನು ಹವ್ಯಾಸಿಗಳು ಮಾತ್ರ ಏಕೆ ಕೇಳಬೇಕು?

ಹಾಗಾದರೆ ಆ ಓದುಗರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಅವರು 18ರಲ್ಲೇ ಉಳಿಯಬೇಕು, ನಾಲ್ಕು ನಾಲ್ಕು ಟೈರಿನ ಎರಡು ಜೊತೆ ಇಟ್ಟುಕೊಳ್ಳಬೇಕು. ರಸ್ತೆಗೆ ಕಂಪನಿಯ ಅಳತೆಯ 265/60 ಆರ್ 18, ಭಾರದ ಸಂಖ್ಯೆ 110ಕ್ಕೆ ಕಡಿಮೆಯಿಲ್ಲದ ಹೆದ್ದಾರಿ ಟೈರು ಇರಲಿ. ಟ್ರ್ಯಾಕ್‌ಗೆ ಅದೇ 18 ಇಂಚಿನ ಇನ್ನೊಂದು ಜೊತೆ ರಿಮ್ಮಿನಲ್ಲಿ 255/55 ಆರ್ 18 ಇರಲಿ. ದೊಡ್ಡ ಎಸ್‌ಯುವಿಗಳಿಗೆ ಬರುವ ಅಳತೆಯಾದ್ದರಿಂದ ಇದರಲ್ಲಿ 109, ಅಂದರೆ 1,030 ಕೆ.ಜಿ. ಹೊರುವ, ವೇಗದಲ್ಲಿ ವಿ ಅಕ್ಷರದ, ಡಾಂಬರಿಗೆಂದೇ ಮಾಡಿದ ಟೈರುಗಳು ಸಿಗುತ್ತವೆ. ಇದರ ಹೊರವ್ಯಾಸ 738 ಮಿ.ಮೀ. ಗಾಡಿ 19 ಮಿ.ಮೀ.ನಷ್ಟು ನೆಲಕ್ಕೆ ಇಳಿಯುತ್ತದೆ, ಗೇರುಗಳು ಶೇ 5ರಷ್ಟು ಗಿಡ್ಡವಾದಂತಾಗಿ ತಿರುವಿನಿಂದ ಹೊರಬರುವಾಗ ಎಳೆತ ಹೆಚ್ಚುತ್ತದೆ. ಎತ್ತರದ ಪಿಕಪ್‌ಗೆ ಟ್ರ್ಯಾಕ್‌ನಲ್ಲಿ ಬೇಕಾದದ್ದು ಇದು. ಜನ ಸಾಮಾನ್ಯವಾಗಿ ಹೋಗುವುದು ಇದಕ್ಕೆ ತದ್ವಿರುದ್ಧ ದಿಕ್ಕಿಗೆ.

ಆ ತದ್ವಿರುದ್ಧ ದಿಕ್ಕಿನ ಪರಿಣಾಮವನ್ನೂ ಹೇಳಿಬಿಡುತ್ತೇನೆ. ಇದೇ ಗಾಡಿಗೆ 285/75 ಆರ್ 16 ಹಾಕಿದರೆ ಹೊರವ್ಯಾಸ 834 ಮಿ.ಮೀ.ಗೆ ಏರುತ್ತದೆ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಓಡುತ್ತಿರುವುದು 86ರಲ್ಲಿ. ಗೇರು ಉದ್ದವಾಗಿ ಎಳೆತ ಕುಗ್ಗುತ್ತದೆ, ಗಾಲಿಯ ತ್ರಿಜ್ಯ ಹೆಚ್ಚಿದ್ದರಿಂದ ನಿಲ್ಲಿಸಲು ಬ್ರೇಕಿಗೆ ಹೆಚ್ಚು ಶ್ರಮವಾಗುತ್ತದೆ, ಗುರುತ್ವ ಕೇಂದ್ರ ಇನ್ನೂ 29 ಮಿ.ಮೀ. ಮೇಲೇರುತ್ತದೆ. ಸಕಲೇಶಪುರದ ಕಡೆಯ ಕೆಸರಿನ ಟ್ರ್ಯಾಕ್‌ಗೆ ಎತ್ತರದ ಗೋಡೆಯ, 16 ಅಥವಾ 17 ಇಂಚಿನ ಟೈರು ಸರಿಯೇ; ಅಲ್ಲಿ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ ಟೈರಿನ ಹೆಜ್ಜೆಯನ್ನು ಉದ್ದ ಮಾಡಿಕೊಳ್ಳಬೇಕಾಗುತ್ತದೆ, 20 ಇಂಚಿನ ಗಿಡ್ಡ ಗೋಡೆಯಲ್ಲಿ ಅದಕ್ಕೆ ಆಸ್ಪದವೇ ಇಲ್ಲ. ಆದರೆ 16ಕ್ಕೆ ಇಳಿಯುವ ಮುನ್ನ ಮುಂದಿನ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಆ ರಿಮ್ಮಿನೊಳಗೆ ಹಿಡಿಸುತ್ತದೆಯೇ ಎಂದು ಚಕ್ರವನ್ನು ಕೂರಿಸಿ ಕೈಯಲ್ಲಿ ತಿರುಗಿಸಿ ನೋಡಬೇಕು. ಕೆಸರು ಹಾಗೂ ಡಾಂಬರಿನ ಟ್ರ್ಯಾಕ್‌ಗಳಲ್ಲಿ ಯಾವುದಕ್ಕೂ 20 ಹೊಂದದು ಎಂಬುದೇ ನನ್ನ ತಕರಾರಿನ ತಿರುಳು.

ಎರಡು ಜೊತೆ ಚಕ್ರ ಎಂದರೆ ಖರ್ಚು ಎಂಬ ಆಕ್ಷೇಪ ಬರುತ್ತದೆ. 20 ಇಂಚಿನ ರಿಮ್ಮು, ಅದಕ್ಕೆ ಟೈರು, ಗುಂಡಿಗೆ ಬಿದ್ದಾಗ ಮತ್ತೊಮ್ಮೆ ಟೈರು ಎಂಬ ಖರ್ಚನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲದೆ ಕಾರಿನವರಿಗಿಲ್ಲದ ಒಂದು ಅನುಕೂಲ ಪಿಕಪ್‌ನವರಿಗಿದೆ: ಇನ್ನೊಂದು ಜೊತೆ ಚಕ್ರವನ್ನು ಹಿಂದಿನ ತೊಟ್ಟಿಯಲ್ಲೇ ಮಲಗಿಸಿ, ಭದ್ರವಾಗಿ ಬಿಗಿದು ಕೊಂಡೊಯ್ಯಬಹುದು. ಹೊಸೂರು, ಕೃಷ್ಣಗಿರಿ, ವೆಲ್ಲೂರು ಮಾರ್ಗವಾಗಿ ರಸ್ತೆಯ ಟೈರಿನಲ್ಲೇ ಹೋಗಿ, ಟ್ರ್ಯಾಕ್‌ನ ಅಂಗಳದಲ್ಲಿ ಜ್ಯಾಕ್ ಕೊಟ್ಟು ಬದಲಾಯಿಸಿ, ಸಂಜೆ ಮತ್ತೆ ರಸ್ತೆಯ ಟೈರಿಗೆ ಮರಳಬಹುದು. ಹಾಗೆ ಬದಲಾಯಿಸುವಾಗ ನಟ್ಟುಗಳ ಬಗ್ಗೆ ಎಚ್ಚರ ಇರಲಿ. ಸ್ಟೀಲ್ ಡಿಸ್ಕಿನ ನಟ್ಟಿಗೆ ಇಳಿಜಾರಾದ ಮೂತಿ ಇರುತ್ತದೆ, ಹಲವು ಅಲಾಯ್ ಚಕ್ರಗಳದ್ದಕ್ಕೆ ಚಪ್ಪಟೆ ವಾಷರ್ ಇರುತ್ತದೆ. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿದಂತೆ ಕಂಡರೂ ಬಿಗಿದಿರುವುದಿಲ್ಲ. ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು, ಮೊದಲ ಕೆಲವು ಸುತ್ತಿನ ನಂತರ ಚಕ್ರ ತಣಿದ ಮೇಲೆ ಮತ್ತೊಮ್ಮೆ ನೋಡಬೇಕು. ತಣ್ಣಗಿದ್ದಾಗ ತುಂಬಿದ ಗಾಳಿ ಟ್ರ್ಯಾಕ್‌ನ ಬಿಸಿಗೆ ಐದಾರು ಪಿಎಸ್‌ಐ ಏರುವುದು ಸಾಮಾನ್ಯವಾದ್ದರಿಂದ ಅದನ್ನೂ ಗೇಜಿನಲ್ಲಿ ಅಳೆಯುತ್ತಿರಬೇಕು. ಹೈಲಕ್ಸ್‌ನಂಥ ಗಾಡಿಯ ನಾಲ್ಕು ಚಕ್ರದ ಚಾಲನೆಯನ್ನು ಒಣ ಡಾಂಬರಿನ ಮೇಲೆ ತೊಡಗಿಸಬಾರದು, ನಾಲ್ಕೂ ಟೈರುಗಳ ಹೊರವ್ಯಾಸ ಒಂದೇ ಇರಬೇಕು, ಸ್ಟೆಪ್ನಿಯೂ ಅದಕ್ಕೆ ಹೊರತಲ್ಲ.

ಆಫ್‌ಸೆಟ್ ಎಂಬುದನ್ನೂ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಚಕ್ರದ ಅಗಲದ ನಡುಗೆರೆಗೂ ಅದು ಆಕ್ಸಲ್ ತುದಿಯ ಹಬ್ಬಿಗೆ ಕೂರುವ ಮುಖಕ್ಕೂ ನಡುವಿನ ಅಂತರ (ಮಿ.ಮೀ.ಗಳಲ್ಲಿ) ಅದು. ಕಂಪನಿಯ ಚಕ್ರದ ಆಫ್‌ಸೆಟ್ +30 ಇದ್ದು, ಹೊಸದು ಅಷ್ಟೇ ಅಗಲದಲ್ಲಿ 0 ಆಗಿದ್ದರೆ ಚಕ್ರ ಒಂದೊಂದು ಬದಿಯಲ್ಲೂ 30 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಅಗಲವಾಗಿ ಕಾಲು ಚಾಚಿ ನಿಂತ ಗಾಡಿ ನೋಡಲು ಠೀವಿಯಾಗಿರುತ್ತದೆ, ಸಂಶಯವಿಲ್ಲ. ಆದರೆ ಬೇರಿಂಗಿನ ಮೇಲಿನ ಹೊರೆ ಏರುತ್ತದೆ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯಬಹುದು, ಮಳೆಗಾಲದಲ್ಲಿ ರಾಡಿ ಬಾಗಿಲಿನ ಮೇಲೆಲ್ಲ ಎರಚುತ್ತದೆ. ಚಕ್ರದಲ್ಲಿ ಹಬ್ಬು ಕೂರುವ ನಡುತೂತಿನ ಅಳತೆಯೂ ಸರಿಯಾಗಿ ಹೊಂದಬೇಕು. ಈ ಪಿಕಪ್‌ಗೆ ಅದು 106.1 ಮಿ.ಮೀ. ತೂತು ಅದಕ್ಕಿಂತ ದೊಡ್ಡದಾದರೆ ಅಳತೆಯ ಉಂಗುರ ಹಾಕಿಸದೆ ಓಡಿಸಬಾರದು.

ಕಾನೂನಿನ ಮಾತು ಕೊನೆಯದಾದರೂ ಕಡೆಗಣಿಸುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ತಂದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲೀಕರಿಗೆ ₹5,000 ದಂಡ ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಇವೆ. ಅದೇ ಮಾದರಿಯ ಇನ್ನೊಂದು ಆವೃತ್ತಿಗೆ ತಯಾರಕರೇ ಕೊಡುವ ಅಳತೆ ಹಾಕಿಸಿದರೆ ವಾದಕ್ಕೆ ಎಡೆ ಕಡಿಮೆ. ಫೆಂಡರಿನಿಂದ ಹೊರಚಾಚಿದ ಚಕ್ರ ಹಾಕಿ ಅಪಘಾತವಾದರೆ ವಿಮೆಯ ಕಂಪನಿ ಕೇಳುವ ಮೊದಲ ಪ್ರಶ್ನೆ ಅದರದೇ ಆಗಿರುತ್ತದೆ. ನಾನು ಮೇಲೆ ಹೇಳಿದ 255/55ರ ಜೊತೆಯನ್ನು ಟ್ರ್ಯಾಕ್‌ನ ಒಳಗೆ ಮಾತ್ರ ಬಳಸಬೇಕೆಂದದ್ದು ಈ ಕಾರಣಕ್ಕೂ ಹೌದು. ಜೊತೆಗೆ, ಟ್ರ್ಯಾಕ್‌ನಲ್ಲಿ ಸವೆದ ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಅದನ್ನು ಮತ್ತೆ ಸಾರ್ವಜನಿಕ ರಸ್ತೆಗೆ ತರುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಒಪ್ಪುವುದಿಲ್ಲ.

ಸಾರಿಗೆ ಇಲಾಖೆ ಪ್ರತಿಯೊಂದು ಮಾದರಿಗೂ ಒಪ್ಪಿತವಾದ ಚಕ್ರ ಮತ್ತು ಟೈರುಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಆರ್‌ಟಿಒ ಕಚೇರಿಗಳಲ್ಲಿ ತೂಗುಹಾಕಿದರೆ ತಪಾಸಣೆಗೆ ನಿಂತ ಇನ್‌ಸ್ಪೆಕ್ಟರರಿಗೂ ವಾಹನ ಮಾಲೀಕರಿಗೂ ಅನುಕೂಲ. ನಿಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಅದಕ್ಕಿಂತ ಚಿಕ್ಕದು: ಮುಂದೆ ಯಾವ ಓದುಗರಿಗೇ ಆಗಲಿ ಚಕ್ರದ ಸಲಹೆ ಕೊಡುವಾಗ ಇಂಚಿನ ಜೊತೆಗೆ ಹೊರವ್ಯಾಸ, ಭಾರದ ಸಂಖ್ಯೆ ಮತ್ತು ಆಫ್‌ಸೆಟ್ ಈ ಮೂರನ್ನೂ ಅಚ್ಚು ಹಾಕಿ. ಆ ಬೆಂಗಳೂರಿನ ಓದುಗರು ಇನ್ನೂ ಹಣ ಕೊಟ್ಟಿರದಿದ್ದರೆ ಈ ಪತ್ರ ಅವರ ಕಣ್ಣಿಗೆ ಬೀಳುವಂತೆ ಅದೇ ಪುಟದಲ್ಲಿ ಪ್ರಕಟಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಆಟೊಮೊಬೈಲ್ ವಿಭಾಗ
ಹಾಸನ